ಕೊಕ್ಕೋ ಹೂವಿನ ನುಸಿ, ಕಚ್ಚುವ ನುಸಿ

ಹೆಣ್ಣು ನುಸಿಯ ದವಡೆಯ ತುದಿಯಲ್ಲಿ ಗರಗಸದಂಥ ಹಲ್ಲುಗಳಿದ್ದರೆ ಅದು ಕಚ್ಚುತ್ತದೆ. ಹಲ್ಲಿನ ಜಾಗದಲ್ಲಿ ತೆಳ್ಳಗಿನ ನಯವಾದ ಅಂಚಿದ್ದರೆ ಕಚ್ಚುವುದಿಲ್ಲ. ಇದನ್ನು ನೋಡಬೇಕಾದರೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ನುಸಿಯ ತಲೆಯನ್ನು ಸೂಜಿಯಿಂದ ಬೇರೆ ಮಾಡಿ, ಕ್ಷಾರದ ದ್ರಾವಣದಲ್ಲಿ ಮೆತ್ತಗಾಗಿಸಿ, ಮುಖ ಮೇಲಕ್ಕೆ ಬರುವಂತೆ ಸ್ಲೈಡಿನ ಮೇಲೆ ಕೂರಿಸಬೇಕು. ಮುಖ ಪಕ್ಕಕ್ಕೆ ವಾಲಿದರೆ ದವಡೆ ಬರೀ ನೆರಳಿನಂತೆ ಕಾಣುತ್ತದೆ. ಆಗ ಊಹೆ ಮಾಡಬಾರದು, ಇನ್ನೊಂದು ನುಸಿ ತೆಗೆದುಕೊಳ್ಳಬೇಕು.

ಪುತ್ತೂರಿನ ಸಣ್ಣ ಕೀಟ ಗುರುತಿಸುವ ಘಟಕವೊಂದರಲ್ಲಿ ನಾನು ಮಾಡುತ್ತಿದ್ದ ಕೆಲಸ ಹೆಚ್ಚು ಕಡಿಮೆ ಇದೇ. ನಿವೃತ್ತಿ ಎನ್ನಲು ನನಗೆ ವಯಸ್ಸಾಗಿಲ್ಲ. ಆದರೆ ಆ ಕೆಲಸದಿಂದ ಹೊರಬಂದಿದ್ದೇನೆ, ಮತ್ತೆ ಅದಕ್ಕೆ ಹೋಗುವುದಿಲ್ಲ. ಕಾರಣಗಳು ಇಲ್ಲಿ ಬೇಕಾಗಿಲ್ಲ. ನನ್ನ ಜಾಗಕ್ಕೆ ಬಂದ ಇಬ್ಬರು ಎಂ.ಎಸ್ಸಿ. ಮುಗಿಸಿದ ಹುಡುಗಿಯರು, 'ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ' ಎಂದು ಕೇಳಿದ್ದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಹುಳ ಹಿಡಿದು ಬಾಟಲಿಯಲ್ಲಿ ಕಳುಹಿಸುವವರಿಗೆ ಅದರ ಹೆಸರು ಬೇಕಾಗಿರುವುದಿಲ್ಲ. ಸುಬ್ರಹ್ಮಣ್ಯದ ಒಂದು ಲಾಡ್ಜಿನವರು ಬಚ್ಚಲು ಮನೆಯ ಗೋಡೆಯ ಮೇಲೆ ಕೂತಿದ್ದ ಬೂದು ಬಣ್ಣದ, ಮೈತುಂಬ ಕೂದಲಿದ್ದ ನೊಣಗಳ ಚಿತ್ರ ಕಳುಹಿಸಿದ್ದರು. ಯಾತ್ರಿಕರು ಅದನ್ನು ಸೊಳ್ಳೆ ಎಂದು ದೂರುತ್ತಿದ್ದರು. ಇವರು ದಿನವೂ ಔಷಧಿ ಹೊಡೆಯುತ್ತಿದ್ದರು. ಅದು ಸೊಳ್ಳೆಯಲ್ಲ, ಇಂಥ ಗುಂಪಿನದು ಎಂದು ಫೋನಿನಲ್ಲಿ ಹೇಳಲು ಹೊರಟೆ.

"ಹೆಸರು ಬೇಡ ಮೇಡಂ, ಮದ್ದು ಹೇಳಿ," ಎಂದರು ಮ್ಯಾನೇಜರು.

"ಮದ್ದು ಬೇಡ. ನೀರು ಹೋಗುವ ತೂತಿನ ಜಾಲರಿ ತೆಗೆದು, ಒಳಗಿನ ಲೋಳೆಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅದು ಹುಟ್ಟುವುದು ಅಲ್ಲಿ."

"ಅಷ್ಟೆಯಾ?"

ಅಷ್ಟೇ ಆಗಿತ್ತು. ಹೆಸರು ಗೊತ್ತಾದರೆ ಹುಟ್ಟುವ ಜಾಗ ಗೊತ್ತಾಗುತ್ತದೆ, ಜಾಗ ಗೊತ್ತಾದರೆ ಮದ್ದು ಬೇಕಾಗುವುದಿಲ್ಲ. ನಮ್ಮ ವೃತ್ತಿಯ ಉಪಯೋಗವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ವಿವರಿಸಿಲ್ಲ.

ಎರಡನೆಯದು, ಪೆನ್ಸಿಲು: ಬಾಟಲಿಯ ಚೀಟಿಯನ್ನು ಅದರಲ್ಲೇ ಬರೆಯಬೇಕು. ವಿಟ್ಲ ಕಡೆಯ ಬಾಟಲಿಗಳು ಕಬಕದ ಒಂದು ಅಂಗಡಿಗೆ ಬಂದು ಸೇರುತ್ತಿದ್ದವು, ವಾರಕ್ಕೊಮ್ಮೆ ನಾನು ತರುತ್ತಿದ್ದೆ. ಒಮ್ಮೆ ಕಾಲೇಜಿನ ವಿದ್ಯಾರ್ಥಿಗಳು ಚೆಂದವಾಗಿ ಪೆನ್ನಿನಲ್ಲಿ ಬರೆದ ಚೀಟಿಗಳನ್ನು ಸ್ಪಿರಿಟ್ಟಿನೊಳಗೆ ಹಾಕಿ ಕಳುಹಿಸಿದರು. ತೆರೆದಾಗ ಚೀಟಿ ಬೆಳ್ಳಗೆ, ಸ್ಪಿರಿಟ್ಟು ನೀಲಿ. ಒಳ್ಳೆಯ ನೊಣಗಳು, ಊರಿಲ್ಲದ ನೊಣಗಳು. ಅವನ್ನು ಎಸೆಯಬೇಕಾಯಿತು.

ನನ್ನ ಮೇಲಧಿಕಾರಿಯನ್ನು ಸುಮತಿ ಮೇಡಂ ಎಂದು ಕರೆಯುತ್ತೇನೆ. ಕಡಿಮೆ ಮಾತಿನವರು. ಸೇರಿದ ಹೊಸತರಲ್ಲಿ ಅವರು ನನಗೆ ಹೆಸರು ಹೇಳಲು ಬಿಡಲಿಲ್ಲ, ಬರೀ ರೆಕ್ಕೆಗಳ ಚಿತ್ರ ಬರೆಸಿದರು. ಒಂದೇ ಬಾಟಲಿಯ ನುಸಿಗಳ ರೆಕ್ಕೆಗಳನ್ನು ಒಂದರ ಪಕ್ಕ ಒಂದು. ಎಲ್ಲ ಒಂದೇ ಥರ ಇವೆ ಎಂದು ನಾನು ಹೇಳಿದ ದಿನ, "ಹಾಗಾದರೆ ನೀನಿನ್ನೂ ನೋಡಿಲ್ಲ," ಎಂದು ಹೇಳಿ ಹೊರಟುಹೋದರು. ಕೋಪ ಬಂತು. ಆದರೆ ಚಿತ್ರ ಬರೆಯುವಾಗ ಕೈ ಒಂದು ಗೆರೆಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಕೇಳುತ್ತದೆ. ಕ್ಯಾಮೆರಾ ಹಾಗೆ ಕೇಳುವುದಿಲ್ಲ. ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಎರಡು ಪುಟ್ಟ ಕೋಶಗಳಲ್ಲಿ ಎರಡನೆಯದು ಕೆಲವದರಲ್ಲಿ ಗಿಡ್ಡ, ಕೆಲವದರಲ್ಲಿ ಉದ್ದ ಎಂಬುದು ನನಗೆ ಕಂಡದ್ದು ಕೈಯಿಂದ.

ನಂತರ ಫೋಟೋ ಬಂತು, ವಾಟ್ಸಪ್ಪಿನಲ್ಲಿ ರೈತರು ಕಳುಹಿಸುವ ಮಸುಕು ಚಿತ್ರಗಳು ಬಂದವು, ಕೊನೆಗೆ ಒಂದು ಕಾಲನ್ನು ಕಿತ್ತು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದರೆ ಡಿ.ಎನ್.ಎ. ಓದಿ ಹೆಸರು ಹೇಳುವ ಕ್ರಮ ಬಂತು. ಅದು ಒಳ್ಳೆಯ ಕ್ರಮ, ಬಳಸಿ. ಒಮ್ಮೆ ಮಾತ್ರ ನೊಣದ ಹೆಸರಿನ ಬದಲು ನೊಣದ ಜೀವಕೋಶಗಳೊಳಗೆ ವಾಸವಾಗಿದ್ದ ಬ್ಯಾಕ್ಟೀರಿಯಾದ ಹೆಸರು ಬಂತು. ಮೇಡಂ ಆ ವರದಿಯನ್ನು ನನ್ನ ಮೇಜಿನ ಮೇಲಿಟ್ಟು, "ಮನೆ ಯಾರದ್ದು ಅಂತ ಕೇಳಿದರೆ ಬಾಡಿಗೆಯವರ ಹೆಸರು ಹೇಳಿದ್ದಾರೆ," ಎಂದರು. ಅವರು ಮಾಡಿದ ತಮಾಷೆಗಳಲ್ಲಿ ನನಗೆ ನೆನಪಿರುವುದು ಇದೊಂದೇ.

ಇನ್ನು, ಹೇಳಲೇಬೇಕಾದ ಒಂದು ಪ್ರಕರಣ.

ಕೊಕ್ಕೋ ಮರದ ಹೂವು ಕಾಂಡದ ಮೇಲೆಯೇ ಬಿಡುತ್ತದೆ, ಉಗುರಿನಷ್ಟು ಚಿಕ್ಕದು. ಜೇನುನೊಣಕ್ಕೆ ಅದರೊಳಗೆ ಜಾಗವಿಲ್ಲ. ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವುದು ಫೋರ್ಸಿಪೋಮಿಯಾ ಎಂಬ ಕುಲದ ನುಸಿಗಳು. ಅವು ಹುಟ್ಟುವುದು ಕೊಳೆತ ಬಾಳೆದಿಂಡಿನಲ್ಲಿ, ಕೊಕ್ಕೋ ಸಿಪ್ಪೆಯ ರಾಶಿಯಲ್ಲಿ. ಹಿಂದೆ ತೋಟವನ್ನು ಗುಡಿಸಿ ಚೊಕ್ಕಟವಾಗಿಡಿ ಎಂದು ಹೇಳುವುದು ಕ್ರಮವಾಗಿತ್ತು. ಮೇಡಂ ಅದನ್ನು ಬದಲಿಸಿದರು. ಬಾಳೆದಿಂಡನ್ನು ಕಡಿದು ಮರಗಳ ನಡುವೆ ಅಲ್ಲಲ್ಲಿ ಗುಡ್ಡೆ ಹಾಕಿ, ಒಣಗದಂತೆ ನೀರು ತಾಗಿಸಿ ಎಂದು ಹೇಳತೊಡಗಿದರು. ನಂಬಿ ಮಾಡಿದವರು ಕಡಿಮೆ. ಮಾಡಿದವರಲ್ಲಿ ಒಬ್ಬರು ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಒಳಗಿನ ಒಂದು ಹಳ್ಳಿಯ ಕುಸುಮಕ್ಕ. ಮನೆಯಲ್ಲಿ ಅರೆಭಾಷೆ ಆಡುವ ಕೃಷಿಕ ಕುಟುಂಬ. ತೋಟದ ಉಳಿದ ಎಲ್ಲ ತೀರ್ಮಾನ ಗಂಡ ಮತ್ತು ಮೈದುನರದ್ದು. ಕೊಕ್ಕೋ ಮಾತ್ರ ಅವರದ್ದು, ತಾವೇ ಸಸಿ ತಂದು ತಾವೇ ನೆಟ್ಟದ್ದು. ಗುಡ್ಡೆ ಹಾಕಿದ ಮೇಲೆ ಹೂವು ಕಾಯಿ ಕಟ್ಟುವುದು ಹೆಚ್ಚಾಗಿದೆ ಎಂದು ಅವರೇ ಒಮ್ಮೆ ಫೋನು ಮಾಡಿ ತಿಳಿಸಿದ್ದರು.

ಮಳೆ ನಿಂತು ಒಂದೆರಡು ತಿಂಗಳಾಗಿತ್ತು. ಅವರಿಂದ ಮತ್ತೆ ಫೋನು ಬಂತು.

"ಮೇಡಂ, ನೀವು ಹೇಳಿದ ಗುಡ್ಡೆಗೆ ಈಗ ಬೆಂಕಿ ಕೊಡ್ಲಿಕ್ಕೆ ಹೇಳ್ತಿದ್ದಾರೆ. ಎಂತ ಮಾಡುದು ನಾನು?"

ವಿಷಯ ಹೀಗಿತ್ತು. ಪಕ್ಕದ ಮನೆ ಹನೀಫಣ್ಣನದ್ದು. ಬಹಳ ಕಾಲದಿಂದ ಅಲ್ಲೇ ನೆಲೆಸಿದ ಬ್ಯಾರಿ ಕುಟುಂಬ, ಕಾಳುಮೆಣಸಿನ ವ್ಯಾಪಾರ. ಅವರ ಮಗಳು ಶಮೀಮಾ ಏಳನೇ ತಿಂಗಳಿಗೆ ತವರಿಗೆ ಬಂದು, ಹೆರಿಗೆಯಾಗಿ, ನಲವತ್ತು ದಿನಗಳ ಬಾಣಂತನದಲ್ಲಿದ್ದಳು. ಹಸುಗೂಸಿನ ಕೆನ್ನೆ, ಕೈಗಳ ಮೇಲೆ ಕೆಂಪು ಗುಳ್ಳೆಗಳೆದ್ದವು. ಡಾಕ್ಟರು ಹುಳ ಕಚ್ಚಿದ್ದು ಎಂದರು. ಎರಡು ಜಾಗಗಳ ನಡುವೆ ತೋಡಿದ ಅಗಳಿನಾಚೆ ಬಾಳೆದಿಂಡಿನ ಗುಡ್ಡೆ, ಅದರ ಮೇಲೆ ಹೊಗೆಯ ಹಾಗೆ ಏಳುವ ನುಸಿ. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಪಂಚಾಯತು ಸದಸ್ಯ ಚಂದ್ರಣ್ಣ ಬಂದು ನೋಡಿ, ನಲವತ್ತರ ದಿನಕ್ಕೆ ನೆಂಟರು ಬರುವ ಮುಂಚೆ ಗುಡ್ಡೆ ಸುಟ್ಟು, ಇಡೀ ತೋಟಕ್ಕೆ ಮಿಷನ್ನಿನಲ್ಲಿ ಕೀಟನಾಶಕದ ಹೊಗೆ ಬಿಡಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ದಿನವನ್ನೂ ನಿಗದಿ ಮಾಡಿದ್ದರು: ಬರುವ ವಾರದ ಶನಿವಾರ ಸಂಜೆ. ಕೊಕ್ಕೋ ಹೂವು ತುಂಬಿದ್ದ ಕಾಲ ಅದು. ಹೊಗೆ ಬಿಟ್ಟರೆ ಹೂವು ಉಳಿಯುತ್ತದೆ, ಹೂವಿಗೆ ಬರುವ ನುಸಿ ಉಳಿಯುವುದಿಲ್ಲ.

ಅದಕ್ಕೂ ಮೊದಲೇ ಹನೀಫಣ್ಣ ನಮ್ಮ ಘಟಕಕ್ಕೆ ಒಂದು ಬಾಟಲಿ ನುಸಿ ಕಳುಹಿಸಿ, ಫೋನು ಮಾಡಿ ಕೇಳಿದ್ದರು. ನಾನು ರಜೆಯಲ್ಲಿದ್ದೆ. ಮೇಡಂ ನೋಡಿ, "ಇದು ಫೋರ್ಸಿಪೋಮಿಯಾ. ಕೊಕ್ಕೋ ಹೂವಿನದು, ಕಚ್ಚುವುದಿಲ್ಲ," ಎಂದು ಹೇಳಿದ್ದರು. ಆ ಮಾತು ಹನೀಫಣ್ಣನ ಸಿಟ್ಟನ್ನು ಹೆಚ್ಚಿಸಿತ್ತು. ಮಗುವಿನ ಮೈಮೇಲೆ ಗುಳ್ಳೆ ಕಣ್ಣಿಗೆ ಕಾಣುವಾಗ ಕಚ್ಚುವುದಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಅಲ್ಲಿಯವರೆಗೆ ಹನೀಫಣ್ಣನ ಮನೆಗೆ ಹೋಗುತ್ತಿದ್ದ ಕುಸುಮಕ್ಕನ ಮನೆಯ ಹಾಲು ನಿಂತಿತು, ಅವರು ಪ್ಯಾಕೆಟ್ ಹಾಲು ತರಿಸತೊಡಗಿದರು.

ನಾನು ಆ ಬಾಟಲಿಯನ್ನು ಮತ್ತೆ ನೋಡಿದೆ. ಹೆಣ್ಣು ನುಸಿಗಳನ್ನು ಒಂದೊಂದಾಗಿ ಆರಿಸಿ ದವಡೆ ನೋಡಿದೆ. ಹಲ್ಲಿಲ್ಲ. ಮೇಡಂ ಹೇಳಿದ್ದು ಸರಿಯಾಗಿತ್ತು. ಆದರೆ ಬಾಟಲಿಯ ಚೀಟಿಯಲ್ಲಿ 'ಬಾಳೆಗುಡ್ಡೆಯಿಂದ' ಎಂದಿತ್ತು. ಜನ ಯಾವಾಗಲೂ ಹೆಚ್ಚು ಇರುವ ಕಡೆಯಿಂದ ಹಿಡಿದು ಕಳುಹಿಸುತ್ತಾರೆ, ತೊಂದರೆ ಕೊಡುವ ಕಡೆಯಿಂದಲ್ಲ. ಕಚ್ಚುವ ನುಸಿ ಯಾವುದೆಂದು ತಿಳಿಯಬೇಕಾದರೆ ಕಚ್ಚುತ್ತಿರುವಾಗಲೇ ಅದನ್ನು ಹಿಡಿಯಬೇಕು.

"ಬಾಣಂತಿ ಕೋಣೆಯ ಹತ್ತಿರ ಗಂಡಸರು ಹೋಗಲಿಕ್ಕಾಗುವುದಿಲ್ಲ," ಎಂದರು ಮೇಡಂ. "ನೀನು ಹೋಗು."

ಅಪರಿಚಿತರ ಮನೆಯ ಹಿತ್ತಲಲ್ಲಿ ನುಸಿ ಕಚ್ಚಲೆಂದು ತೋಳಿನ ಬಟ್ಟೆ ಮೇಲೇರಿಸಿ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಹೋದೆ. ಹನೀಫಣ್ಣನ ಹೆಂಡತಿ ಝೊಹರಕ್ಕ ಹಿಂದಿನ ಜಗಲಿಯಲ್ಲಿ ಮಣೆ ಹಾಕಿಕೊಟ್ಟರು. ನನ್ನ ಕೈಯಲ್ಲಿ ಹೀರುಗೊಳವೆ ಇತ್ತು: ಒಂದು ತುದಿ ಬಾಯಿಗೆ, ಇನ್ನೊಂದು ತುದಿ ನುಸಿಯ ಹತ್ತಿರ, ಮಧ್ಯೆ ನುಸಿ ಬಾಯಿಗೆ ಬಾರದಂತೆ ಬಟ್ಟೆ.

"ಎಲ್ಲರೂ ನುಸಿ ಓಡಿಸುದು," ಎಂದರು ಝೊಹರಕ್ಕ. "ನೀವು ಅದಕ್ಕೆ ಊಟ ಹಾಕ್ಲಿಕ್ಕೆ ಬಂದದ್ದಾ ಮೋಳೆ?" ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳು.

ಬಾಗಿಲ ಪರದೆಯ ಹಿಂದಿನಿಂದ ಶಮೀಮಾ ನಕ್ಕಳು. "ಉಮ್ಮಾ, ಹತ್ತಿರ ಕೂತ್ಕೊಳ್ಬೇಡಿ. ನಿಮ್ಮ ಕೈ ಸುಮ್ಮನಿರುದಿಲ್ಲ."

ಹಾಗೆಯೇ ಆಯಿತು. ಮೊದಲ ನುಸಿ ನನ್ನ ಮುಂಗೈ ಮೇಲೆ ಕೂತು, ಹೊಟ್ಟೆ ಕೆಂಪಾಗತೊಡಗಿತ್ತು. ನಾನು ಗೊಳವೆ ಹತ್ತಿರ ತರುವಷ್ಟರಲ್ಲಿ ಝೊಹರಕ್ಕ ಪಟ್ಟೆಂದು ಹೊಡೆದರು. ನುಸಿ ಬರೀ ಕಲೆಯಾಯಿತು.

"ಅಯ್ಯೋ, ಅದು ಬೇಕಿತ್ತಾ?"

"ಬೇಕಿತ್ತು."

"ನನಗೆಂತ ಗೊತ್ತು ಮಾರಾಯ್ತಿ. ಇಷ್ಟು ವರ್ಷ ಹೊಡ್ದು ಹೊಡ್ದು ಕೈಗೆ ಅಭ್ಯಾಸ."

ಪರದೆಯ ಹಿಂದೆ ಶಮೀಮಾ ತಡೆಯಲಾಗದೆ ನಕ್ಕ ಸದ್ದಿಗೆ ಮಗು ಎದ್ದು ಅತ್ತಿತು. ಆಮೇಲೆ ಝೊಹರಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತರು. ಒಂದೊಂದು ನುಸಿ ಬಂದಾಗಲೂ ಅವರ ಭುಜ ಅಲುಗುತ್ತಿತ್ತು. ಆ ಬೆಳಿಗ್ಗೆ ಬೇಕಾದಷ್ಟು ಸಿಕ್ಕವು. ಎರಡು ವಿಷಯ ಗಮನಿಸಿದೆ. ಒಂದು, ಅವು ಕಚ್ಚಿದ್ದು ಹಗಲಿನಲ್ಲಿ, ನೆರಳಿನಲ್ಲಿ. ಸಂಜೆಯಾದ ಮೇಲೆ ಒಂದೂ ಇರುವುದಿಲ್ಲ ಎಂದು ಶಮೀಮಾ ಹೇಳಿದಳು. ರಾತ್ರಿ ಸೊಳ್ಳೆಪರದೆಯೊಳಗೆ ಮಗುವನ್ನು ಮಲಗಿಸಿ ಅವರು ನಿಶ್ಚಿಂತರಾಗಿದ್ದರು. ಗುಳ್ಳೆ ಏಳುತ್ತಿದ್ದದ್ದು ಬೆಳಗಿನ ಸ್ನಾನದ ನಂತರ. ಇನ್ನೊಂದು, ಜಗಲಿಯ ಈ ತುದಿಯಲ್ಲಿ, ಬಚ್ಚಲ ಕಡೆಗೆ, ಹೆಚ್ಚು ಕಚ್ಚುತ್ತಿದ್ದವು. ಕುಸುಮಕ್ಕನ ತೋಟದ ಕಡೆಯ ತುದಿಯಲ್ಲಿ ಕೂತಾಗ ಒಂದೂ ಬರಲಿಲ್ಲ.

ಪುತ್ತೂರಿಗೆ ಮರಳಿ ತಲೆಗಳನ್ನು ಬಿಡಿಸಿದೆ. ದವಡೆಯಲ್ಲಿ ಹಲ್ಲಿನ ಸಾಲು ಸ್ಪಷ್ಟವಾಗಿತ್ತು. ರೆಕ್ಕೆಯನ್ನು ನೋಡಿದೆ. ಎರಡನೆಯ ಕೋಶ ಉದ್ದ, ಸಪೂರ. ಉಳಿದೆಲ್ಲ ಲಕ್ಷಣಗಳು ಕೊಕ್ಕೋ ನುಸಿಯದೇ: ಅದೇ ಕೂದಲು ತುಂಬಿದ ರೆಕ್ಕೆ, ಅದೇ ಬೆನ್ನು, ಅದೇ ಮೀಸೆ. ಇದೂ ಫೋರ್ಸಿಪೋಮಿಯಾ ಕುಲವೇ. ಆ ಕುಲದೊಳಗೆ ರಕ್ತ ಹೀರುವ ಒಂದು ಉಪಕುಲವಿದೆ, ಅದಕ್ಕೆ ಸೇರಿದ ಪ್ರಭೇದ. ಬರಿಗಣ್ಣಿಗೆ, ಕೈಮಸೂರಕ್ಕೆ ಸಹ, ಎರಡೂ ಒಂದೇ.

ಸ್ಲೈಡನ್ನು ಮೇಡಂ ಬಹಳ ಹೊತ್ತು ನೋಡಿದರು.

"ನಾನು ಅವರಿಗೆ ಈ ಕುಲ ಕಚ್ಚುವುದಿಲ್ಲ ಎಂಬ ಹಾಗೆ ಹೇಳಿಬಿಟ್ಟೆ," ಎಂದರು. "ಬಾಟಲಿಯದ್ದು ಕಚ್ಚುವುದಿಲ್ಲ ಎಂದಿದ್ದರೆ ಸಾಕಿತ್ತು."

"ಈಗ ಹೆಸರು ಬರೆದುಕೊಟ್ಟರೆ ಎರಡಕ್ಕೂ ಮೊದಲ ಪದ ಒಂದೇ ಆಗುತ್ತದೆ," ಎಂದೆ. "ಅದನ್ನು ನೋಡಿ ಗುಡ್ಡೆ ಸುಡುತ್ತಾರೆ."

"ಸುಡುತ್ತಾರೆ ಅಂತ ಹೆಸರು ಬದಲಿಸಲಿಕ್ಕಾಗುತ್ತದಾ? ಎಲ್ಲಿ ಹುಟ್ಟುತ್ತದೆ ಅಂತ ತೋರಿಸು. ಶನಿವಾರದೊಳಗೆ."

ಇದಕ್ಕೆ ಉಪಾಯ ಸರಳ. ಕಪ್ಪು ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ತೂತು ಮಾಡಿ, ಟಬ್ಬನ್ನು ಕವುಚಿ ಹಾಕಿ, ತೂತಿನ ಮೇಲೆ ಗಾಜಿನ ಬಾಟಲಿ ಸಿಕ್ಕಿಸಬೇಕು. ಅಡಿಯ ಮಣ್ಣಿನಿಂದ ಹೊಸದಾಗಿ ಹುಟ್ಟಿದ ನುಸಿ ಕತ್ತಲೆಯಲ್ಲಿರದೆ ಬೆಳಕಿದ್ದಲ್ಲಿಗೆ, ಬಾಟಲಿಯೊಳಗೆ ಬರುತ್ತದೆ. ಕುಸುಮಕ್ಕನ ಗುಡ್ಡೆಗಳ ಮೇಲೆ ಟಬ್ಬುಗಳನ್ನು ಕವುಚಿದೆ. ದನದ ಕೊಟ್ಟಿಗೆಯ ಹಿಂದೆ ಒಂದು, ಅಗಳಿನ ಬದಿಯಲ್ಲಿ ಒಂದು. ಕುಸುಮಕ್ಕ ಪ್ರತಿಯೊಂದನ್ನೂ ನೋಡುತ್ತ ನಿಂತಿದ್ದರು.

"ಇದರಲ್ಲಿ ಕಚ್ಚುದು ಬಂದರೆ?"

"ಬಂದರೆ ಬಂತು ಎಂದು ಹೇಳಬೇಕಾಗುತ್ತದೆ."

"ಹೇಳಿ," ಎಂದರು ಅವರು. "ಆಗ ನಾನೇ ಬೆಂಕಿ ಕೊಡ್ತೇನೆ. ಚಂದ್ರಣ್ಣನ ಕೈಯಿಂದ ಕೊಡಿಸುದು ಬೇಡ. ಎಲ್ಲರ ಮುಂದೆ ನನ್ನನ್ನು ಕಸ ಸಾಕುವವಳು ಅಂದಿದ್ದಾನೆ ಅವನು."

ಕೊನೆಯ ಟಬ್ಬು ಝೊಹರಕ್ಕನ ಬಚ್ಚಲ ಹಿಂದೆ. ಬಾಣಂತನಕ್ಕೆಂದೇ, ಮಗಳು ಬಂದ ತಿಂಗಳಲ್ಲಿ, ಮನೆಗೆ ತಾಗಿಸಿ ಹೊಸ ಬಚ್ಚಲು ಕಟ್ಟಿಸಿದ್ದರು. ಸೊಪ್ಪು ಹಾಕಿ ಕುದಿಸಿದ ನೀರಿನ ಹಂಡೆ, ಬಾಣಂತಿಗೆ ಕೊಡಗಟ್ಟಲೆ, ಮಗುವಿಗೆ ಬೇರೆ. ನೀರು ಕಡಿಮೆಯಾದರೆ ಮೈಗೆ ವಾಯು ಸೇರುತ್ತದೆ ಎಂದು ಆ ಮನೆಯಲ್ಲಿ ಮಾತ್ರವಲ್ಲ, ಆ ಊರಿನ ಎಲ್ಲ ಜಾತಿ ಮತದ ಮನೆಗಳಲ್ಲೂ ನಂಬುತ್ತಾರೆ. ಆ ನೀರು ಗೋಡೆಯ ತೂತಿನಿಂದ ಹೊರಬಂದು, ಜೀಗುಜ್ಜೆ ಮರದ ದಟ್ಟ ನೆರಳಿನಲ್ಲಿ ಹರಡಿ ನಿಲ್ಲುತ್ತಿತ್ತು. ಸುತ್ತಲಿನ ನೆಲವೆಲ್ಲ ಬಿರುಕು ಬಿಡುವಷ್ಟು ಒಣಗಿದ್ದಾಗ ಅಷ್ಟು ಜಾಗ ಮಾತ್ರ ಪಚ್ಚೆ ಬಣ್ಣದ ಪಾಚಿಯಿಂದ ನುಣ್ಣಗಿತ್ತು. ಟಬ್ಬು ಇಡುವಾಗಲೇ ನನಗೆ ಅನುಮಾನ ಬಂದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ಆ ಬಾಟಲಿಗಳನ್ನು ತೆಗೆದು, ಅವುಗಳ ಜಾಗದಲ್ಲಿ ಬೇರೆ ಬಾಟಲಿ ಸಿಕ್ಕಿಸಿ, ತಂದು ನೋಡಿದೆ. ಬಾಳೆಗುಡ್ಡೆಯ ಬಾಟಲಿಗಳಲ್ಲಿ ನುಸಿ ತುಂಬಿತ್ತು. ಒಂದಕ್ಕೂ ಹಲ್ಲಿಲ್ಲ. ಕೊಟ್ಟಿಗೆಯದರಲ್ಲಿ ಬೇರೆ ಜಾತಿಯ ನೊಣ. ಅಗಳಿನದು ಖಾಲಿ. ಬಚ್ಚಲ ಹಿಂದಿನ ಬಾಟಲಿಯಲ್ಲಿ ಕೆಲವೇ ನುಸಿಗಳು, ಹೆಣ್ಣುಗಳಿಗೆಲ್ಲ ಹಲ್ಲು.

ಶನಿವಾರ ಬೆಳಿಗ್ಗೆ ಹನೀಫಣ್ಣನ ಅಂಗಳದಲ್ಲಿ ಎಲ್ಲರೂ ಸೇರುವುದೆಂದಾಗಿತ್ತು. ನಾನು ಬೇಗ ಹೋಗಿ, ಹಿಂಬಾಗಿಲಿನಿಂದ ಅಡಿಗೆ ಮನೆಗೆ ಹೋದೆ. ಝೊಹರಕ್ಕ ಒಬ್ಬರೇ ಇದ್ದರು. ಬಾಟಲಿ ತೋರಿಸಿ ಹೇಳಿದೆ. ಅವರು ಒಲೆಯ ಕಡೆ ತಿರುಗಿ ಸೌದೆಯನ್ನು ಒಳಗೆ ತಳ್ಳಿದರು.

"ಬಾಣಂತಿಗೆ ನೀರು ಕಡಿಮೆ ಮಾಡ್ಲಿಕ್ಕೆ ಆಗುದಿಲ್ಲ ಮೋಳೆ," ಎಂದರು.

"ಕಡಿಮೆ ಮಾಡುವುದು ಬೇಡ. ಅಲ್ಲಿ ನಿಲ್ಲದ ಹಾಗೆ ಸಣ್ಣ ಕಾಲುವೆಯಂತೆ ಕಣಿ ತೆಗೆದು ಮುಂದೆ ಬಿಟ್ಟರೆ ಸಾಕು. ಪಾಚಿ ಕೆರೆದು ತೆಗೆದು, ಮರದ ಎರಡು ಗೆಲ್ಲು ಕಡಿದು ಬಿಸಿಲು ಬೀಳಿಸಿ."

"ನನ್ನ ಮಗಳಿಗೆ, ಮಗುವಿಗೆ ಅಂತ ಕುದಿಸಿದ ನೀರು ಅದು." ಅವರು ಕೈ ಒರೆಸಿಕೊಂಡರು. "ಈಗ ಎಲ್ಲರ ಮುಂದೆ ಹೇಳ್ತೀರಾ?"

ಅದನ್ನು ನಾನು ಬಸ್ಸಿನಲ್ಲಿ ಬರುವಾಗ ಯೋಚಿಸಿದ್ದೆ. "ನೆರಳಿನ ಹಸಿ ನೆಲದ ಪಾಚಿಯಲ್ಲಿ ಹುಟ್ಟುತ್ತದೆ ಎಂದು ಹೇಳುತ್ತೇನೆ. ಯಾರ ನೆಲ ಎಂದು ಹೇಳುವುದಿಲ್ಲ."

ಇದು ಸರಿಯಾದ ದಾರಿ ಎಂದುಕೊಂಡಿದ್ದೆ. ಅಂಗಳದಲ್ಲಿ ಅದು ಸಾಲಲಿಲ್ಲ.

ಚಂದ್ರಣ್ಣ ಕುರ್ಚಿಯಲ್ಲಿ ಕೂತು, ನಾನು ಬರೆದು ತಂದಿದ್ದ ಹಾಳೆಯನ್ನು ಓದಿದರು. "ಇದೆಂತ ಮೇಡಂ? ಹೂವಿನದ್ದೂ ಫೋರ್ಸಿ, ಕಚ್ಚುದೂ ಫೋರ್ಸಿ. ಎರಡೂ ಒಂದೇ ಅಲ್ವಾ?"

"ಒಂದೇ ಕುಲ. ಬೇರೆ ಪ್ರಭೇದ. ಒಂದಕ್ಕೆ ಹಲ್ಲುಂಟು, ಒಂದಕ್ಕೆ ಇಲ್ಲ. ಗುಡ್ಡೆಯಲ್ಲಿ ಹುಟ್ಟುವುದಕ್ಕೆ ಇಲ್ಲ."

"ನುಸಿಯ ಬಾಯಿಯಲ್ಲಿ ಹಲ್ಲು ನೋಡಿದ್ದೀರಾ ನೀವು?"

"ನೋಡಿದ್ದೇನೆ."

ಕೆಲವರು ನಕ್ಕರು. "ಆಯ್ತು ಮಾರಾಯ್ರೆ, ಹಲ್ಲುಂಟು," ಎಂದರು ಚಂದ್ರಣ್ಣ. "ಮತ್ತೆ ಆ ಹಲ್ಲಿನದ್ದು ಹುಟ್ಟುದು ಎಲ್ಲಿ?"

ನಾನು ಯೋಚಿಸಿಟ್ಟಿದ್ದ ವಾಕ್ಯ ಹೇಳಿದೆ.

"ಯಾವ ನೆಲ? ಇಲ್ಲಿ ಹಸಿ ಇರುದು ಕುಸುಮಕ್ಕನ ತೋಟ ಒಂದೇ. ದಿನಾ ತೋಟಕ್ಕೆ ನೀರು ಬಿಡುದು ಅವರೇ."

ಕುಸುಮಕ್ಕ ಅಂಗಳದ ಅಂಚಿನಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು. ಒಬ್ಬರ ಮನೆಯ ಮಾತನ್ನು ಮುಚ್ಚಿಟ್ಟರೆ ಇನ್ನೊಬ್ಬರ ಹೆಸರು ಅಂಗಳದ ನಡುವೆ ಹಾಗೇ ಉಳಿಯುತ್ತದೆ ಎಂಬುದು ಆಗ ನನಗೆ ತಿಳಿಯಿತು. ಹೇಳಿದರೆ ಅಡಿಗೆ ಮನೆಯಲ್ಲಿ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಸಂಜೆ ಮಿಷನ್ನು ಬರುತ್ತದೆ. ಬಾಯಿ ತೆರೆದೆ. ಏನು ಹೇಳಲು ಎಂದು ನನಗೇ ಖಚಿತವಿರಲಿಲ್ಲ.

"ನಮ್ಮ ಬಚ್ಚಲ ಹಿಂದೆ," ಎಂಬ ಧ್ವನಿ ಬಂತು.

ಝೊಹರಕ್ಕ ಬಾಗಿಲಿನ ಒಳಗೆ ನಿಂತಿದ್ದರು. ತಲೆಯ ಬಟ್ಟೆ ಸರಿಮಾಡಿಕೊಂಡು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು: "ಶಮೀಮಾನ ಸ್ನಾನದ ನೀರು ನಿಲ್ತದಲ್ಲ, ಅಲ್ಲಿ. ಕುಸುಮಕ್ಕನದ್ದಲ್ಲ. ನಮ್ಮದು."

ಹನೀಫಣ್ಣ ಹೆಂಡತಿಯ ಕಡೆ ತಿರುಗಿದರು, ನನ್ನ ಕಡೆ ತಿರುಗಿದರು. "ಹೌದಾ ಮೇಡಂ?"

"ಹೌದು."

ಅವರು ಎದ್ದು ಹಿತ್ತಲಿಗೆ ಹೋದರು. ನಾವೆಲ್ಲ ಅಂಗಳದಲ್ಲಿ ಕಾದೆವು. ಮರಳಿ ಬಂದಾಗ ಅವರ ಬೆರಳಿನಲ್ಲಿ ಹಸಿರು ಪಾಚಿ ಮೆತ್ತಿತ್ತು. ಅದನ್ನು ಪಂಚೆಗೆ ಒರೆಸದೆ ಹಾಗೇ ಹಿಡಿದುಕೊಂಡು ಚಂದ್ರಣ್ಣನ ಮುಂದೆ ನಿಂತರು.

"ಮಿಷನ್ ಬೇಡ ಚಂದ್ರಣ್ಣ."

"ಅಲ್ಲ ಹನೀಫಣ್ಣ, ಎರಡೂ ಒಂದೇ ಕುಲ ಅಂತ ಇವರೇ ಬರೆದಿದ್ದಾರೆ. ಹೇಗೂ ಮಿಷನ್ ಬರ್ತದೆ, ಒಂದು ಸುತ್ತು..."

"ನಿಮ್ಮ ತಮ್ಮ ಕಳೆದ ಇಲೆಕ್ಷನಿನಲ್ಲಿ ಗಲಾಟೆ ಮಾಡಿದ. ಪೊಲೀಸಿನವರು ನಿಮ್ಮನ್ನು ಕರ್ಕೊಂಡು ಹೋದ್ರಾ? ಕುಲ ಒಂದೇ ಅಲ್ವಾ?"

ಅಂಗಳದಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕದ್ದು ಚಂದ್ರಣ್ಣನೇ. ಮಿಷನ್ನು ಬೇರೆ ವಾರ್ಡಿಗೆ ಹೋಯಿತು.

ಕುಸುಮಕ್ಕ ನಗಲಿಲ್ಲ. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದರು. "ಝೊಹರಕ್ಕ ಹೇಳಿದ್ರು. ನೀವು ಹೇಳ್ತಿದ್ರಾ?"

"ಗೊತ್ತಿಲ್ಲ," ಎಂದೆ.

ಅವರು ತಲೆಯಾಡಿಸಿದರು. ಸಿಟ್ಟೋ ಒಪ್ಪಿಗೆಯೋ ತಿಳಿಯಲಿಲ್ಲ. ಮತ್ತೆ ಅಗಳಿನ ಹತ್ತಿರ ಹೋಗಿ, ಆಚೆ ಹಾರೆ ಹಿಡಿದು ನಿಂತಿದ್ದ ಹನೀಫಣ್ಣನಿಗೆ ಹೇಳಿದರು: "ಕಣಿ ತೆಗೆಯುದಾದರೆ ಈಚೆ ಬಿಡಿ. ನನ್ನ ಬಾಳೆಗೆ ನೀರು ಸಾಕಾಗುದಿಲ್ಲ."

ಹೊಸಬರಿಗೆ ಈ ಪ್ರಕರಣದಿಂದ ಏನು ಹೇಳಬೇಕೆಂದು ಬಹಳ ಯೋಚಿಸಿದ್ದೇನೆ. ದವಡೆ ನೋಡುವುದನ್ನು ಮೇಡಂ ಕಲಿಸುತ್ತಾರೆ. ಕುಲದ ಹೆಸರಿಗೆ ನಿಂತು ಉತ್ತರ ಕೊಡಬಾರದು ಎಂಬುದನ್ನು ಅವರು ಈಗ ಮೊದಲ ದಿನವೇ ಹೇಳುತ್ತಾರೆ, ತಮ್ಮದೇ ಉದಾಹರಣೆ ಕೊಟ್ಟು. ಕಲಿಸದೇ ಉಳಿಯುವುದು ಇನ್ನೊಂದು. ಎರಡು ನುಸಿಗಳನ್ನು ಬೇರೆ ಮಾಡುವಾಗ ಎರಡು ಮನೆಗಳ ನಡುವೆಯೂ ನಾವು ಒಂದು ಗೆರೆ ಎಳೆದಿರುತ್ತೇವೆ. ಅದು ಯಾರ ಅಂಗಳದಲ್ಲಿ ಬೀಳುತ್ತದೆ ಎಂಬುದನ್ನು ಹೋಗಿ ನಿಂತು ನೋಡಬೇಕು. ಹಾಳೆಯನ್ನು ಅಂಚೆಯಲ್ಲಿ ಕಳುಹಿಸಿ ಸುಮ್ಮನಾಗಬಾರದು.

ಕೊಕ್ಕೋ ಹೂವು ನಸುಕಿನಲ್ಲಿ ಅರಳುತ್ತದೆ, ನುಸಿ ಅದಕ್ಕೆ ಬರುವುದು ಬಿಸಿಲು ಏರುವ ಮುಂಚೆ. ಆ ಶನಿವಾರ ನಾನು ಮರಳುವಾಗ ಬಾಳೆಗುಡ್ಡೆಗಳ ಮೇಲೆ ನನ್ನ ಟಬ್ಬುಗಳು ಇನ್ನೂ ಕವುಚಿಕೊಂಡೇ ಇದ್ದವು. ಒಂದು ವಾರದಿಂದ ಅಲ್ಲಿ ಹುಟ್ಟಿದ ನುಸಿಗಳಲ್ಲಿ ಒಂದೂ ಹೂವಿಗೆ ಹೋಗಿರಲಿಲ್ಲ. ಮರುದಿನ ಭಾನುವಾರ. ಬೆಳಿಗ್ಗೆ ಪುತ್ತೂರಿನಿಂದ ಸುಬ್ರಹ್ಮಣ್ಯದ ಮೊದಲ ಬಸ್ಸು ಹತ್ತಿದೆ. ಕುಸುಮಕ್ಕನ ಮನೆಯಲ್ಲಿ ಇನ್ನೂ ಯಾರೂ ಹೊರಗೆ ಬಂದಿರಲಿಲ್ಲ. ಯಾರನ್ನೂ ಕರೆಯದೆ ತೋಟಕ್ಕೆ ಹೋಗಿ, ಟಬ್ಬುಗಳನ್ನು ಒಂದೊಂದಾಗಿ ಎತ್ತಿ, ಬಾಟಲಿಗಳ ಬಾಯಿಯನ್ನು ಕೊಕ್ಕೋ ಕಾಂಡದ ಹೂವುಗಳ ಕಡೆಗೆ ತಿರುಗಿಸಿ ಹಿಡಿದೆ.